ಸರ್ಟಿಫಿಕೇಟು ಕೊಟ್ಟಿರಿ ಸರಿ, ಕೆಲಸದಲ್ಲಿ ಉಳಿದವರೆಷ್ಟು ಸ್ವಾಮಿ?

ಉದ್ಯೋಗ ಮೇಳ ಅಂದರೆ ಈಗ ನಮ್ಮ ಕಡೆ ಜಾತ್ರೆ ಇದ್ದ ಹಾಗೆ. ಶಾಮಿಯಾನ ಏಳುತ್ತದೆ, ಬ್ಯಾನರ್ ಕಟ್ಟುತ್ತಾರೆ, ಮೈಕು ಗೊರಗೊರ ಅನ್ನುತ್ತದೆ. ಗಣ್ಯರು ಎರಡು ಗಂಟೆ ತಡವಾಗಿ ಬಂದು ದೀಪ ಹಚ್ಚುತ್ತಾರೆ. ಅಂಗವಿಕಲರಿಗೆಂದೇ ನಡೆಸುವ ಮೇಳವಾದರೆ ಜೊತೆಗೆ ನಾಲ್ಕು ತ್ರಿಚಕ್ರ ವಾಹನ ಹಂಚಿಕೆ, ಒಂದು ಫೋಟೋ. ಸಂಜೆ ಹೊತ್ತಿಗೆ ಪ್ರಕಟಣೆ ಬರುತ್ತದೆ: ಇಷ್ಟು ಜನ ಹೆಸರು ಬರೆಸಿದರು, ಇಷ್ಟು ಕಂಪನಿ ಬಂದಿದ್ದವು, ಇಷ್ಟು ಮಂದಿಗೆ ಸ್ಥಳದಲ್ಲೇ ನೇಮಕ ಪತ್ರ.

ಅಲ್ಲಿಗೆ ಕಥೆ ಮುಗಿಯಿತು. ಒಂದು ವರ್ಷ ಕಳೆದ ಮೇಲೆ ಆ ನೇಮಕ ಪತ್ರ ಹಿಡಿದವರಲ್ಲಿ ಎಷ್ಟು ಜನ ಕೆಲಸಕ್ಕೆ ಹೋಗುತ್ತಿದ್ದಾರೆ, ಎಷ್ಟು ಜನ ಮನೇಲಿ ಕೂತಿದ್ದಾರೆ ಅಂತ ಯಾರಾದರೂ ಪ್ರಕಟಣೆ ಕೊಟ್ಟದ್ದನ್ನು ನೀವು ಓದಿದ್ದೀರಾ? ನಾನಂತೂ ಓದಿಲ್ಲ.

ಅಂಗಡಿ ಮಾಲೀಕರೇ, ನೀವೇ ಹೇಳಿ. ಬೆಳಗಿಂದ ಎಷ್ಟು ಗಿರಾಕಿ ಬಂದು ಹೋದರು ಅನ್ನೋದು ವ್ಯಾಪಾರವೋ, ರಾತ್ರಿ ಬಾಗಿಲು ಎಳೆಯುವಾಗ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು ಉಳಿಯಿತು ಅನ್ನೋದು ವ್ಯಾಪಾರವೋ? ನಿಮಗೆ ಗೊತ್ತಿರುವ ಈ ಸಣ್ಣ ಲೆಕ್ಕ ಸರ್ಕಾರಕ್ಕೆ ಯಾಕೆ ಗೊತ್ತಾಗುವುದಿಲ್ಲ ಅನ್ನೋದೇ ಈ ವಾರದ ಪ್ರಶ್ನೆ.

ಕಡಕೊಳದಲ್ಲಿ ನಿಂತು ನೋಡಿ

ಈ ಪ್ರಶ್ನೆ ಕೇಳೋಕೆ ಕಡಕೊಳಕ್ಕಿಂತ ಒಳ್ಳೆ ಜಾಗ ಇಲ್ಲ. ಮೈಸೂರು ಬಿಟ್ಟು ನಂಜನಗೂಡು ರಸ್ತೆ ಹಿಡಿದರೆ ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಕಡಕೊಳ. ಚಾಮರಾಜನಗರದ ರೈಲು ಹಾದು ಹೋಗುವ ಸ್ಟೇಷನ್ನು, ಕೈಗಾರಿಕಾ ಪ್ರದೇಶ, ರೈಲ್ವೆಯ ಕಂಟೈನರ್ ಡಿಪೋ ಎಲ್ಲ ಇಲ್ಲೇ. ಬ್ಯಾತಹಳ್ಳಿಯ ಟಿವಿಎಸ್ ಕಾರ್ಖಾನೆಯ ವಿಳಾಸದಲ್ಲೂ ಕಡಕೊಳ ಅಂಚೆ ಅಂತಲೇ ಇರೋದು. ಮುಂದಕ್ಕೆ ತಾಂಡವಪುರ, ಅದರಾಚೆ ನಂಜನಗೂಡಿನ ಕಾರ್ಖಾನೆಗಳು. ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಈ ರಸ್ತೇಲಿ ಬಸ್ಸು ಹತ್ತಿದವರಿಗೆ ಗೊತ್ತು, ಎರಡು ಕಾಲೂ ನೆಟ್ಟಗಿರುವವರಿಗೇ ನಿಲ್ಲೋಕೆ ಜಾಗ ಸಿಗೋದಿಲ್ಲ.

ಅಂದರೆ ಈ ದಾರೀಲಿ ಕೆಲಸಕ್ಕೆ ಬರ ಇಲ್ಲ. ಕೆಲಸ ಕಲಿಸೋರಿಗೂ ಬರ ಇಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇದೆ. ರಂಗರಾವ್ ಸ್ಮಾರಕ ಶಾಲೆ ಅಂಧ ಹೆಣ್ಣುಮಕ್ಕಳಿಗಾಗಿ 1988ರಲ್ಲಿ ತೆರೆಯಿತು. ಅಂಗವಿಕಲರಿಗೆಂದೇ ಜೆಎಸ್‌ಎಸ್ ಪಾಲಿಟೆಕ್ನಿಕ್ 1991ರಲ್ಲಿ ಬಂತು. ಬೇರೆ ಜಿಲ್ಲೆಯವರು ಹೊಟ್ಟೆಕಿಚ್ಚು ಪಡಬೇಕು, ಅಷ್ಟಿದೆ ನಮ್ಮಲ್ಲಿ. ಇಲಾಖೆಗೂ ಕೊರತೆ ಇಲ್ಲ. ಅಂಗವಿಕಲರ ಕಲ್ಯಾಣಕ್ಕೆ ಕರ್ನಾಟಕ 1988ರಲ್ಲೇ ಪ್ರತ್ಯೇಕ ಇಲಾಖೆ ಮಾಡಿತು. ಅಲ್ಲಿಂದ ಈಚೆಗೆ ಅಂಗವಿಕಲ ಅನ್ನಬೇಡಿ ವಿಕಲಚೇತನ ಅನ್ನಿ ಅಂದರು, ಆಮೇಲೆ ವಿಶೇಷಚೇತನ ಅನ್ನಿ ಅಂದರು. ಬೋರ್ಡು ಬರೆಯೋ ಪೇಂಟರಿಗೆ ಮಾತ್ರ ಕೈತುಂಬ ಕೆಲಸ.

ಇಷ್ಟಿದ್ದೂ ಫಲ ಏನು? 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಇಡೀ ದೇಶದ ಲೆಕ್ಕ ತೆಗೆದಾಗ ಹದಿನೈದು ವರ್ಷ ತುಂಬಿದ ಅಂಗವಿಕಲರಲ್ಲಿ ದುಡಿಮೆಯಲ್ಲಿ ಇದ್ದವರು ನೂರಕ್ಕೆ 23 ಜನ ಮಾತ್ರ. ಉಳಿದ 77ರಲ್ಲಿ ವಯಸ್ಸಾದವರು, ಓದುವವರು, ಏಳಲಾಗದವರೂ ಇದ್ದಾರೆ, ಒಪ್ಪೋಣ. ಆದರೆ ಕೈ ಗಟ್ಟಿ, ತಲೆ ಗಟ್ಟಿ, ಕಾಲು ಮಾತ್ರ ಸೋತಿದೆ ಅನ್ನುವ ಎಷ್ಟೋ ಹುಡುಗರೂ ಅದರಲ್ಲೇ ಇದ್ದಾರೆ.

ಕಡಕೊಳಕ್ಕೆ ಇನ್ನೊಂದು ವಿಶೇಷ ತೊಂದರೆ. 2020ರ ಕೊನೆಯಲ್ಲಿ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಜೊತೆಗೆ ಕಡಕೊಳವೂ ಪಟ್ಟಣ ಪಂಚಾಯಿತಿ ಆಯಿತು. ಊರಿಗೆ ಬಡ್ತಿ ಸಿಕ್ಕಿತು ಅಂತ ಕೆಲವರಿಗೆ ಖುಷಿ. ಆದರೆ 2005ರ ಉದ್ಯೋಗ ಖಾತರಿ ಕಾಯ್ದೆ ಇದ್ದದ್ದು ಹಳ್ಳಿಗಳಿಗೆ ಮಾತ್ರ. ಅದರಲ್ಲಿ ಅಂಗವಿಕಲರಿಗೆ ಅರ್ಧ ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂಬ ರಿಯಾಯಿತಿ ನಮ್ಮ ರಾಜ್ಯದಲ್ಲಿತ್ತು. ಊರು ಪಟ್ಟಣವಾದರೆ ಅದೂ ಇಲ್ಲ. ಬೋರ್ಡು ಬದಲಾದರೆ ಯಾರಿಗೋ ಸೈಟಿನ ರೇಟು ಏರುತ್ತದೆ, ಇನ್ಯಾರಿಗೋ ಕೂಲಿ ಹೋಗುತ್ತದೆ.

ಯಾವುದಕ್ಕೆ ದುಡ್ಡೋ ಅದರದ್ದೇ ಲೆಕ್ಕ

ಯೋಜನೆಗಳು ಒಂದೆರಡಲ್ಲ. 2008ರಲ್ಲಿ ಕೇಂದ್ರ ಒಂದು ಯೋಜನೆ ತಂದಿತು. ಖಾಸಗಿ ಕಂಪನಿ ಅಂಗವಿಕಲರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕರು ಕಟ್ಟಬೇಕಾದ ಪಿ.ಎಫ್., ಇ.ಎಸ್.ಐ. ಹಣವನ್ನು ಮೂರು ವರ್ಷ ಸರ್ಕಾರವೇ ಕಟ್ಟುತ್ತೆ ಅಂತ. ವರ್ಷಕ್ಕೆ ಲಕ್ಷ ಉದ್ಯೋಗ ಅಂದರು, ಅದರ ಹತ್ತಿರಕ್ಕೂ ಹೋಗಲಿಲ್ಲ. 2015ರಲ್ಲಿ ಅಂಗವಿಕಲರ ಕೌಶಲ ತರಬೇತಿಗೆ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2022ರೊಳಗೆ 25 ಲಕ್ಷ ಜನರಿಗೆ ತರಬೇತಿ ಅಂದರು, ಅದೂ ಅಷ್ಟೇ. ರಾಜ್ಯದ್ದು ಆಧಾರ ಯೋಜನೆ. ಮೊದಲು ಪೆಟ್ಟಿಗೆ ಅಂಗಡಿ ಕೊಡುತ್ತಿದ್ದರು, ಆಮೇಲೆ ಬ್ಯಾಂಕ್ ಸಾಲ, ಸಹಾಯಧನ ಅಂತಾಯಿತು.

ಯೋಜನೆ ಮಾಡಿದವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಲೆಕ್ಕ ಇಡುವ ರೀತಿ ಕೆಟ್ಟಿದೆ ಅನ್ನುತ್ತೇನೆ. ಕೇಂದ್ರದ ಕೌಶಲ ತರಬೇತಿಗಳಿಗೆ 2015ರಲ್ಲಿ ಒಂದು ಸಾಮಾನ್ಯ ನಿಯಮ ಮಾಡಿದರು. ತರಬೇತಿ ಕೊಡುವ ಸಂಸ್ಥೆಗೆ ಶೇ. 30 ಹಣ ತರಗತಿ ಶುರುವಾದಾಗ, ಶೇ. 50 ಹಣ ಸರ್ಟಿಫಿಕೇಟು ಕೊಟ್ಟಾಗ. ಕೆಲಸ ಸಿಕ್ಕಿ, ಮೂರು ತಿಂಗಳು ಅದರಲ್ಲಿ ಉಳಿದರೆ ಕೊನೆಯ ಶೇ. 20.

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಈ ಲೆಕ್ಕ ಅರ್ಥವಾಗುತ್ತದೆ. ಹುಡುಗ ಕೆಲಸಕ್ಕೆ ಹೋಗಲಿ ಬಿಡಲಿ, ರೂಪಾಯಿಗೆ ಎಂಭತ್ತು ಪೈಸೆ ಜೇಬಿಗೆ ಬಂದಾಯಿತು. ಇನ್ನಿಪ್ಪತ್ತು ಪೈಸೆ ಬೇಕಿದ್ದರೆ ತೊಂಭತ್ತು ದಿನ ತಳ್ಳಿದರೆ ಸಾಕು. ತೊಂಭತ್ತೊಂದನೇ ದಿನ ಅವನು ಮನೆಗೆ ಬಂದರೂ ಪುಸ್ತಕದಲ್ಲಿ ಅವನು ನೌಕರನೇ! ಮಗು ಬದುಕಿದೆಯೋ ಇಲ್ಲವೋ ನೋಡದೆ ಹೆರಿಗೆ ಮಾತ್ರ ಎಣಿಸಿದ ಹಾಗಾಯಿತು.

ಇನ್ನೊಂದು ಕೈಚಳಕವೂ ಇದೆ. ತಲೆ ಎಣಿಸಿ ದುಡ್ಡು ಕೊಟ್ಟರೆ ಯಾರು ಯಾರನ್ನು ಆರಿಸುತ್ತಾರೆ? ಸ್ವಲ್ಪ ಕುಂಟುವ, ಚೆನ್ನಾಗಿ ಮಾತಾಡುವ, ಓದಿಕೊಂಡ ಹುಡುಗನನ್ನು. ಅವನಿಗೆ ತರಬೇತಿ ಇಲ್ಲದೆಯೂ ಎಲ್ಲೋ ಒಂದು ಕಡೆ ಕೆಲಸ ಸಿಗುತ್ತಿತ್ತು. ಪೂರ್ತಿ ಕಣ್ಣು ಕಾಣದವಳು, ಬುದ್ಧಿಮಾಂದ್ಯ ಇರುವವನು ಬಾಗಿಲ ಹೊರಗೇ. ಬ್ರಿಟನ್ನಿನಲ್ಲಿ 2011ರಲ್ಲಿ ಇಂಥದ್ದೇ ಯೋಜನೆ ಶುರುವಾದಾಗ ಅಲ್ಲಿನ ಸಂಶೋಧಕರು ಇದನ್ನೇ ಕಂಡರು. ಕೆನೆ ತೆಗೆದುಕೊಂಡು ಉಳಿದವರನ್ನು ಮೂಲೆಗೆ ನಿಲ್ಲಿಸುವುದು ಅಂತ ಅದಕ್ಕೆ ಹೆಸರನ್ನೂ ಇಟ್ಟರು. ನಮ್ಮ ಹಾಲಿನ ಡೈರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಯೋಜನೆಯಿಂದ ಉಪಯೋಗ ಆಯಿತೋ ಇಲ್ಲವೋ ಅಂತ ಅಳೆಯಬೇಕಾದರೆ ಕೆಲಸ ಸಿಕ್ಕವರನ್ನು ಎಣಿಸಿದರೆ ಸಾಲದು. ಯೋಜನೆ ಇಲ್ಲದಿದ್ದರೂ ಕೆಲಸ ಸಿಗುತ್ತಿದ್ದವರನ್ನು ಅದರಿಂದ ಕಳೆಯಬೇಕು. ಉಳಿದದ್ದೇ ಸರ್ಕಾರದ ಸಾಧನೆ, ಕಳೆದದ್ದು ಆ ಹುಡುಗರ ಸ್ವಂತ ಸಾಧನೆ.

ಎಂಟು ನೂರರ ಗಂಟು

ಈಗ ಅಸಲು ಗಂಟಿಗೆ ಬರೋಣ. ಶೇ. 40ರಿಂದ ಶೇ. 75ರೊಳಗೆ ಅಂಗವೈಕಲ್ಯ ಇದ್ದವರ ಪಿಂಚಣಿಯನ್ನು 2021ರ ಜುಲೈನಲ್ಲಿ 600ರಿಂದ 800 ರೂಪಾಯಿಗೆ ಏರಿಸಿದರು. ಅದೇ ದಿನ ಸಂಧ್ಯಾ ಸುರಕ್ಷಾ 1,200 ಆಯಿತು. ವಯಸ್ಸಾದವರಿಗೆ ಹೆಚ್ಚಾಯಿತು ಅಂತ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏನು ಹೇಳುತ್ತದೆ? ಬೇರೆಯವರಿಗೆ ಇರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ನೆರವು ಕಡಿಮೆ ಅಂದರೂ ಶೇ. 25 ಜಾಸ್ತಿ ಇರಬೇಕು ಅಂತ. ಇಲ್ಲಿ ನೋಡಿದರೆ ಜಾಸ್ತಿ ಇರಲಿ, ಮೂರನೇ ಎರಡು ಪಾಲು. ಕೇಂದ್ರದವರು ಶೇ. 80 ಅಂಗವೈಕಲ್ಯ ಇರುವ ಬಡವರಿಗೆ ಅಂತ 2009ರಲ್ಲಿ ಶುರುಮಾಡಿದ ಪಿಂಚಣಿಯಲ್ಲಿ ಅವರ ಪಾಲು 300 ರೂಪಾಯಿ.

ಈ ಪಿಂಚಣಿಗೆ ಕುಟುಂಬದ ವರಮಾನ ವರ್ಷಕ್ಕೆ 32 ಸಾವಿರ ಮೀರಬಾರದು ಅಂತ ನಿಯಮ. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 2,667 ರೂಪಾಯಿ. ಒಬ್ಬನದ್ದಲ್ಲ, ಇಡೀ ಮನೆಯದ್ದು! ಇಷ್ಟರಲ್ಲಿ ಸಂಸಾರ ತೂಗಿಸುವ ಮನೆ ಇವತ್ತು ಎಲ್ಲಿದೆ? ಗಾರೆ ಕೆಲಸದವರ ಮನೆಯಲ್ಲೂ ಇಲ್ಲ. ಇದು ಅರ್ಜಿ ಹಾಕುವವನಿಗೂ ಗೊತ್ತು, ಆದಾಯ ಪತ್ರ ಬರೆಯುವವರಿಗೂ ಗೊತ್ತು. ಎಲ್ಲರೂ ಸೇರಿ ಕಣ್ಣು ಮುಚ್ಚಿಕೊಂಡದ್ದರಿಂದ ಬಡವನ ಮನೆಗೆ ಎಂಟು ನೂರು ಬರುತ್ತಿದೆ.

ಈಗ ಆ ಮನೆಯ ಹುಡುಗನಿಗೆ ಮೇಳದಲ್ಲಿ ನೇಮಕ ಪತ್ರ ಸಿಕ್ಕಿತು ಅಂತಿಟ್ಟುಕೊಳ್ಳಿ. ತಿಂಗಳಿಗೆ ಹನ್ನೆರಡು ಸಾವಿರ. ಪಿ.ಎಫ್. ಕಟ್ಟುತ್ತಾರೆ, ಬ್ಯಾಂಕಿಗೆ ಸಂಬಳ ಬರುತ್ತೆ. ಅಂದರೆ ಕಂಪ್ಯೂಟರಿಗೆ ಗೊತ್ತಾಗುತ್ತೆ. ಪಿಂಚಣಿ ಹೋಯಿತು. ವರ್ಷಕ್ಕೆ 1 ಲಕ್ಷ 44 ಸಾವಿರ ಆಯಿತಲ್ಲ, ಬಿಪಿಎಲ್ ಕಾರ್ಡಿನ 1 ಲಕ್ಷ 20 ಸಾವಿರದ ಮಿತಿಯೂ ದಾಟಿತು. 2024ರಲ್ಲಿ ಕಾರ್ಡು ರದ್ದಾಗುತ್ತವೆ ಅಂತ ರಾಜ್ಯದಲ್ಲಿ ಎಷ್ಟು ಗದ್ದಲ ಆಯಿತು ಅಂತ ಅಂಗಡಿಯವರಿಗೆ ನೆನಪಿರಬೇಕು. ಅಕ್ಕಿ ಹೋಗುತ್ತೆ, ಆಸ್ಪತ್ರೆ ಸವಲತ್ತು ಹೋಗುತ್ತೆ ಅಂತ ಮನೆಮಂದಿಗೆಲ್ಲ ದಿಗಿಲು.

ಕೆಲಸವಾದರೂ ಕಾಯಂ ಏನು? ಕಂಟ್ರಾಕ್ಟರ್ ಕೈಕೆಳಗೆ. ಮೂರು ತಿಂಗಳಿಗೆ 'ನಾಳೆಯಿಂದ ಬರಬೇಡಪ್ಪ' ಅಂದರೆ ಮುಗಿಯಿತು. ಆಗ ಪಿಂಚಣಿ ತಾನಾಗೇ ವಾಪಸು ಬರುತ್ತಾ? ಮತ್ತೆ ಆದಾಯ ಪತ್ರ, ಮತ್ತೆ ನಾಡಕಚೇರಿ, ಮತ್ತೆ ಜೆರಾಕ್ಸ್, ಮತ್ತೆ 'ಸರ್ವರ್ ಇಲ್ಲ ನಾಳೆ ಬಾ'. ಇಂಥ ಮನೆಯ ತಾಯಿ ಏನು ಹೇಳುತ್ತಾಳೆ? 'ಸುಮ್ಕಿರು ಮಗಾ, ಇರೋದನ್ನೂ ಕಳ್ಕೊಂಡು ಯಾಕೆ ಅಲೀತೀಯ' ಅಂತಾಳೆ. ಅವಳು ಹೇಳೋದು ತಪ್ಪಾ? ಎಂಟು ನೂರು ಸಣ್ಣದು, ಆದರೆ ತಿಂಗಳು ತಿಂಗಳು ಬರುತ್ತದೆ. ಹನ್ನೆರಡು ಸಾವಿರ ದೊಡ್ಡದು, ಆದರೆ ಮೂರು ತಿಂಗಳಿಗೆ ಆವಿ.

ಇದನ್ನು ಕಂಡು 'ಸರ್ಕಾರ ಕೂರಿಸಿ ಉಣ್ಣಿಸೋದ್ರಿಂದ ಇವರು ಸೋಮಾರಿಗಳಾದರು' ಅನ್ನುವ ದೊಡ್ಡಮನುಷ್ಯರು ಬಸ್ಸಿನಲ್ಲಿ ಸಿಗುತ್ತಾರೆ. ಸ್ವಾಮಿ, ದಿನಕ್ಕೆ ಇಪ್ಪತ್ತಾರು ಮುಕ್ಕಾಲು ರೂಪಾಯಿಯಲ್ಲಿ ಸೋಮಾರಿಯಾಗಿ ಬದುಕುವ ವಿದ್ಯೆ ಇದ್ದರೆ ನಮಗೂ ಕಲಿಸಿ.

ಇದರ ಇನ್ನೊಂದು ಪರಿಣಾಮ ಯಾರೂ ನೋಡುವುದಿಲ್ಲ. ಪಿಂಚಣಿ ಉಳಿಸಿಕೊಳ್ಳಲು ಎಷ್ಟೋ ಜನ ಪುಸ್ತಕಕ್ಕೆ ಹತ್ತದ ಕೆಲಸವನ್ನೇ ಹಿಡಿಯುತ್ತಾರೆ. ಕೈಗೆ ಕಾಸು, ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಅವರ ಭಯ ಗೊತ್ತಿರುವ ಮಾಲೀಕ ಅರ್ಧ ಕೂಲಿ ಕೊಡುತ್ತಾನೆ. ಇವರು ದುಡಿಯುತ್ತಿದ್ದಾರೆ, ಸರ್ಕಾರದ ಲೆಕ್ಕದಲ್ಲಿ ದುಡಿಯುತ್ತಿಲ್ಲ. ಅತ್ತ ಮೇಳದವನು ದುಡಿಯುತ್ತಿಲ್ಲ, ಸರ್ಕಾರದ ಲೆಕ್ಕದಲ್ಲಿ ದುಡಿಯುತ್ತಿದ್ದಾನೆ. ಇಂಥ ಪುಸ್ತಕ ಇಟ್ಟುಕೊಂಡು ಯೋಜನೆ ಗೆದ್ದಿತೋ ಸೋತಿತೋ ಹೇಗೆ ಹೇಳುತ್ತೀರಿ?

ಹೊರಗಿನವರು ಕಲಿತ ಪಾಠ

ಹಾಗಾದರೆ ಪಿಂಚಣಿ ಕಡಿತ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತಾ? ಅಷ್ಟು ಸುಲಭ ಅಲ್ಲ. ಅಮೆರಿಕದಲ್ಲಿ 2011ರಿಂದ ಕೆಲವು ವರ್ಷ ಒಂದು ಪರೀಕ್ಷೆ ಮಾಡಿದರು. ಚೀಟಿ ಎತ್ತಿದ ಹಾಗೆ ಪಿಂಚಣಿದಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆ ನಿಯಮ. ಇನ್ನೊಂದು ಗುಂಪಿಗೆ ಸಡಿಲ ನಿಯಮ: ಮಿತಿ ಮೀರಿ ದುಡಿದರೂ ಪೂರ್ತಿ ಪಿಂಚಣಿ ಕತ್ತರಿಸದೆ, ಹೆಚ್ಚು ದುಡಿದ ಎರಡು ಡಾಲರಿಗೆ ಒಂದು ಡಾಲರ್ ಮಾತ್ರ ಕಡಿತ. ಕೊನೆಗೆ ಎರಡೂ ಗುಂಪಿನ ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಭಯ ತೆಗೆಯಬೇಕು ನಿಜ, ಆದರೆ ಭಯ ತೆಗೆದ ಮಾತ್ರಕ್ಕೆ ಫ್ಯಾಕ್ಟರಿ ಗೇಟು ತೆರೆಯೋದಿಲ್ಲ.

ಗೇಟು ತೆರೆಯುವ ದಾರಿ ಇನ್ನೊಂದು ಪರೀಕ್ಷೆಯಲ್ಲಿ ಕಂಡಿತು. ಯುರೋಪಿನ ಆರು ಊರುಗಳಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದ 312 ಜನರನ್ನು ಹೀಗೇ ಎರಡು ಪಾಲು ಮಾಡಿದರು. ಒಂದು ಪಾಲಿಗೆ ನಮ್ಮಲ್ಲಿ ಇರುವ ಹಾಗೆ ಮೊದಲು ತರಬೇತಿ, ಆಮೇಲೆ ಕೆಲಸ. ಇನ್ನೊಂದು ಪಾಲಿಗೆ ತಿರುಗುಮುರುಗು: ಮೊದಲು ನಿಜವಾದ ಕೆಲಸ ಹುಡುಕಿ ಸೇರಿಸುವುದು, ಕೆಲಸದ ಜಾಗದಲ್ಲೇ ಕಲಿಸುವುದು, ಜೊತೆಗೆ ಒಬ್ಬ ಮನುಷ್ಯ ನಿಂತು ಮಾಲೀಕನ ಹತ್ತಿರವೂ ಕೆಲಸಗಾರನ ಹತ್ತಿರವೂ ಮಾತಾಡುತ್ತಿರುವುದು. 2007ರಲ್ಲಿ ಫಲಿತಾಂಶ ಬಂತು. ತರಬೇತಿ ಪಾಲಿನಲ್ಲಿ ಒಂದು ದಿನವಾದರೂ ಕೆಲಸ ಮಾಡಿದವರು ನೂರಕ್ಕೆ 28, ಕೆಲಸ ಮೊದಲು ಅಂದ ಪಾಲಿನಲ್ಲಿ 55. ಕೆಲಸದಲ್ಲಿ ಉಳಿದ ದಿನಗಳೂ ಇವರದ್ದೇ ಹೆಚ್ಚು.

ಅಷ್ಟು ದೂರ ಬೇಡ ಅಂದರೆ ನಮ್ಮ ಗಡಿಯ ಹೊಸೂರಿಗೆ ಹೋಗಿ. ಟೈಟಾನ್ ಗಡಿಯಾರ ಕಾರ್ಖಾನೆ ಶುರುವಿನಿಂದಲೇ ಅಂಗವಿಕಲರನ್ನು ಕೆಲಸಕ್ಕೆ ತೆಗೆದುಕೊಂಡಿದೆ. ಗಡಿಯಾರ ಜೋಡಿಸೋಕೆ ಬೇಕಾದ್ದು ಕಣ್ಣು, ಬೆರಳು, ತಾಳ್ಮೆ. ಕಿವಿ ಕೇಳದಿದ್ದರೆ ಗಡಿಯಾರ ನಿಲ್ಲುತ್ತದೆಯೇ?

ಏನು ಎಣಿಸಬೇಕು?

ಜೊತೆಗೆ ನಿಲ್ಲುವ ಮನುಷ್ಯನನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಪಟ್ಟಣಕ್ಕೆ ನಗರ ಪುನರ್ವಸತಿ ಕಾರ್ಯಕರ್ತ ಅಂತ ವ್ಯವಸ್ಥೆ ಇದೆ. ಅವರೂ ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು. ಅರ್ಜಿ ತುಂಬಿಸೋದು, ಸಮೀಕ್ಷೆ ಮಾಡೋದು, ಮೀಟಿಂಗಿಗೆ ಹೋಗೋದರಲ್ಲೇ ಅವರ ದಿನ ಮುಗಿಯಬಾರದು. ವಾರಕ್ಕೆ ಎರಡು ದಿನ ಅವರನ್ನು ಕೈಗಾರಿಕಾ ಪ್ರದೇಶಕ್ಕೆ ಕಳಿಸಿ. ಬಸ್ ಚಾರ್ಜು ಕೊಡಿ, ಗೇಟಿನಲ್ಲಿ ತೋರಿಸಲು ಒಂದು ಅಧಿಕಾರ ಪತ್ರ ಕೊಡಿ.

ಆಮೇಲೆ ಕಡಕೊಳ ಪಟ್ಟಣ ಪಂಚಾಯಿತಿಯ ಗೋಡೆ ಮೇಲೆ ಒಂದು ಬೋರ್ಡು ಹಾಕಿ. ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಒಂದು, ಈ ಊರಿನಲ್ಲಿ ಪಿಂಚಣಿ ಪಡೆಯುವ, ಕೆಲಸ ಮಾಡುವ ವಯಸ್ಸಿನವರು ಎಷ್ಟು? ಎರಡು, ಅವರಲ್ಲಿ ಕೆಲಸ ಬೇಕು ಅಂದವರು ಎಷ್ಟು? ಮೂರು, ಕೆಲಸಕ್ಕೆ ಸೇರಿದವರು ಎಷ್ಟು, ಸಂಬಳ ಎಷ್ಟು? ನಾಲ್ಕು, ವರ್ಷ ಕಳೆದ ಮೇಲೂ ಕೆಲಸದಲ್ಲಿ ಇರುವವರು ಎಷ್ಟು? ಐದು, ಬಿಟ್ಟವರು ಯಾಕೆ ಬಿಟ್ಟರು? ಬಸ್ಸು ಸಿಗದೆಯೋ, ಶೌಚಾಲಯಕ್ಕೆ ಮೆಟ್ಟಿಲು ಹತ್ತಲಾಗದೆಯೋ, ಸೂಪರ್‌ವೈಸರ್ ಬೈಗುಳ ತಾಳದೆಯೋ, ಪಿಂಚಣಿ ನಿಂತಿತು ಅಂತಲೋ?

ಐದನೇ ಪ್ರಶ್ನೆಯ ಉತ್ತರದಲ್ಲೇ ಎಲ್ಲ ಇದೆ. ಬಸ್ಸು ಕಾರಣವಾದರೆ ತರಬೇತಿಗೆ ಸುರಿದ ಹಣ ನೀರಿಗೆ ಹಾಕಿದ ಹಾಗೆ. ಸಾರಿಗೆ ಸಂಸ್ಥೆ ವರ್ಷಕ್ಕೆ 660 ರೂಪಾಯಿಗೆ ನೂರು ಕಿಲೋಮೀಟರಿನೊಳಗೆ ಓಡಾಡುವ ರಿಯಾಯಿತಿ ಪಾಸು ಕೊಡುತ್ತದೆ, ಒಳ್ಳೆಯದೇ. ಆದರೆ ಎತ್ತರದ ಮೆಟ್ಟಿಲು ಹತ್ತಲಾಗದವನಿಗೆ ಪಾಸು ಇದ್ದರೇನು, ಇಲ್ಲದಿದ್ದರೇನು?

ಇದೇನು ನಾನು ಹೊಸದಾಗಿ ಕೇಳುತ್ತಿರುವ ಭಿಕ್ಷೆ ಅಲ್ಲ. 2016ರ ಕಾಯ್ದೆಯ 48ನೇ ಕಲಮಿನಲ್ಲಿ ಅಂಗವಿಕಲರಿಗೆ ಸಂಬಂಧಿಸಿದ ಯೋಜನೆಗಳ ಸಾಮಾಜಿಕ ಲೆಕ್ಕ ತಪಾಸಣೆ ಮಾಡಲೇಬೇಕು ಅಂತಿದೆ. ರಾಜ್ಯದಲ್ಲಿ 2011ರಿಂದ ಮೌಲ್ಯಮಾಪನ ಪ್ರಾಧಿಕಾರವೂ ಇದೆ. ಕಾನೂನು ಇದೆ, ಕಚೇರಿ ಇದೆ. ಬೋರ್ಡಿಗೆ ಬೇಕಾದ್ದು ಒಂದು ಡಬ್ಬಿ ಬಣ್ಣ.

ಪಿಂಚಣಿ ವಿಷಯದಲ್ಲಿ ಒಂದೇ ಬೇಡಿಕೆ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಪಿಂಚಣಿಯನ್ನೂ ಕಾರ್ಡನ್ನೂ ಮುಟ್ಟಬೇಡಿ. ಆಮೇಲೆ ಕೆಲಸ ಹೋದರೆ ಹೊಸ ಅರ್ಜಿ ಇಲ್ಲದೆ ಪಿಂಚಣಿ ಮತ್ತೆ ಶುರುವಾಗಲಿ. ಒಬ್ಬನಿಗೆ ವರ್ಷಕ್ಕೆ 9,600 ರೂಪಾಯಿ. ಮೇಳದ ಶಾಮಿಯಾನ, ಹಾರ, ಊಟದ ಬಿಲ್ಲಿನಲ್ಲಿ ಎಷ್ಟು ಜನರ ಪಿಂಚಣಿ ಇದೆ ಅಂತ ಅಧಿಕಾರಿಗಳೇ ಲೆಕ್ಕ ಹಾಕಲಿ.

ನಮ್ಮ ಪಾಲು

ಎಲ್ಲ ಸರ್ಕಾರದ ತಲೆಗೇ ಕಟ್ಟಿ ನಾವು ಜಾರಿಕೊಳ್ಳುವುದೂ ಸರಿಯಲ್ಲ. ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲು ಅಂತ ಕಾಯ್ದೆ ಹೇಳುತ್ತದೆ. ಖಾಸಗಿಯವರು ಶೇ. 5 ಜನರನ್ನು ತೆಗೆದುಕೊಳ್ಳುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತಲೂ ಇದೆ. ಜೊತೆಗೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಖಾಸಗಿಯವರು ಯಾವ ಯಾವ ಕೆಲಸ ಅಂಗವಿಕಲರಿಗೆ ಆಗುತ್ತದೆ ಅಂತ ಪಟ್ಟಿಯನ್ನೂ ಕೊಡಬೇಕು. ಕಡಕೊಳ, ತಾಂಡವಪುರದ ಫ್ಯಾಕ್ಟರಿಗಳಲ್ಲಿ ದುಡಿಯುವ ಓದುಗರೇ, ನಾಳೆ ಶಿಫ್ಟಿಗೆ ಹೋದಾಗ ನಿಮ್ಮ ನೋಟೀಸು ಬೋರ್ಡಿನಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ಯೂನಿಯನ್ನಿನವರು ಕೇಳಲಿ.

ಅಂಗಡಿಯವರಿಗೂ ಒಂದು ಮಾತು. ಬಿಲ್ಲು ಬರೆಯೋಕೆ, ಪ್ಯಾಕು ಮಾಡೋಕೆ, ಫೋನಿನಲ್ಲಿ ಆರ್ಡರು ತಗೊಳ್ಳೋಕೆ ಓಡುವ ಕಾಲು ಬೇಕಿಲ್ಲ. ಕನಿಕರಕ್ಕೆ ಇಟ್ಟುಕೊಳ್ಳಬೇಡಿ, ಕನಿಕರ ಮೂರು ತಿಂಗಳಿಗೆ ಸಾಕಾಗುತ್ತದೆ. ಕೆಲಸ ಕೊಟ್ಟು ನೋಡಿ, ಪೂರ್ತಿ ಕೂಲಿ ಕೊಡಿ, ಕೆಲಸ ಸರಿಯಿಲ್ಲದಿದ್ದರೆ ಬೇರೆಯವರಿಗೆ ಹೇಳುವ ಹಾಗೇ ಹೇಳಿ. ಅವರು ಕೇಳುತ್ತಿರುವುದೂ ಅಷ್ಟೇ.

ಕಡಕೊಳವನ್ನು ಮೈಸೂರು ನಗರಕ್ಕೆ ಸೇರಿಸುವ ಮಾತೂ ಎದ್ದಿದೆ. ಸೇರಲಿ, ಬಿಡಲಿ. ಆ ಗೋಡೆಯ ಮೇಲಿನ ಬೋರ್ಡು ಮಾತ್ರ ಅದಕ್ಕೆ ಮುಂಚೆಯೇ ಬರಲಿ. ಮುಂದಿನ ಮೇಳಕ್ಕೆ ದೀಪ ಹಚ್ಚಲು ಬರುವ ಗಣ್ಯರು ಹಿಂದಿನ ಮೇಳದಲ್ಲಿ ಕೆಲಸ ಸಿಕ್ಕವರಲ್ಲಿ ಎಷ್ಟು ಜನ ಇನ್ನೂ ಕೆಲಸದಲ್ಲಿದ್ದಾರೆ ಅಂತ ಮೊದಲು ಮೈಕಿನಲ್ಲಿ ಓದಿ ಹೇಳಲಿ. ಸಂಖ್ಯೆ ಸಣ್ಣದಾದರೂ ಪರವಾಗಿಲ್ಲ, ಓದಿ ಹೇಳಿದ ಮೇಲೆ ದೀಪ ಹಚ್ಚಲಿ.

ಜಿಲ್ಲಾಧಿಕಾರಿಗಳು, ಇಲಾಖೆಯವರು, ಪಟ್ಟಣ ಪಂಚಾಯಿತಿಯವರು ಇತ್ತ ಗಮನ ಕೊಡುವರೇ?